ಊರು ಗುರುತಿಸುವ ಲ್ಯಾಪ್‌ಟಾಪು

ಬಿಸಿ ಕಾಗದದ ವಾಸನೆ ನಿಮಗೆ ಹೇಗೋ ಗೊತ್ತಿಲ್ಲ, ನನಗಂತೂ ಗೊಬ್ಬರವನ್ನು ನೆನಪಿಸುತ್ತದೆ. ಇವತ್ತು ಸೋಮವಾರ ಬೆಳಿಗ್ಗೆ ಶಿಗ್ಗಾಂವಿಯ ಅಂಗಡಿಯಲ್ಲಿ ಪ್ರಿಂಟರು ಮೊದಲ ಹಾಳೆ ಉಗುಳಿದಾಗ ನನ್ನ ಕೈ ತಾನಾಗಿಯೇ ಸ್ವಿಚ್ಚಿನ ಕಡೆ ಹಾರಿತು. ಹಾಳೆ ಸರಿಯಾಗಿಯೇ ಇತ್ತು, ಯಾರದೋ ಮನೆಯ ಗೃಹಪ್ರವೇಶದ ಕರೆಯೋಲೆ. ಆದರೂ ಎಲ್ಲಾದರೂ ಗೊಬ್ಬರದ ಸುದ್ದಿ ಇದೆಯೋ ಅಂತ ಎರಡು ಸಲ ಓದಿದೆ.

ಯಾಕೆ ಅಂತ ಹೇಳುತ್ತೇನೆ, ಕೂತುಕೊಳ್ಳಿ. ಪ್ರಿಂಟಿಂಗ್ ಅಂಗಡಿ ಶೋಭಕ್ಕನದು. ಅಂಗಡಿ ನಾಲ್ಕು: ಶಿಗ್ಗಾಂವಿ, ಹಾನಗಲ್ಲು, ಸವಣೂರು, ಹಿರೇಕೆರೂರು. ಲ್ಯಾಪ್‌ಟಾಪು ಮಾತ್ರ ಒಂದೇ. ಅದನ್ನು ಬೆನ್ನಿಗೆ ಕಟ್ಟಿಕೊಂಡು ಬಸ್ಸಿನಲ್ಲಿ ಊರೂರು ತಿರುಗುವ ಪ್ರಾಣಿ ನಾನು. "ಚೀಲದಾಗ ಏನೈತಿ?" ಎಂದು ಒಮ್ಮೆ ಕಂಡಕ್ಟರು ಕೇಳಿದಾಗ "ನಾಕ ಅಂಗಡಿ ಅದಾವ್ರಿ" ಅಂದಿದ್ದೆ. ಅವತ್ತು ಅವರು ನನ್ನನ್ನು ಕೊನೆಯ ಸೀಟಿಗೆ ಕಳಿಸಿದರು.

ಊರು ಬದಲಾದಾಗಲೆಲ್ಲ ಪ್ರಿಂಟರು ಬೇರೆ, ಅಚ್ಚಾಗಬೇಕಾದ ಕಡತ ಬೇರೆ. ಎಲ್ಲವನ್ನೂ ನಾನು ಕೈಯಿಂದಲೇ ಬದಲಿಸುತ್ತಿದ್ದೆ, ಅಂದರೆ ಬದಲಿಸಲು ಮರೆಯುತ್ತಿದ್ದೆ. ಹಾನಗಲ್ಲಿನವರ ನಾಮಕರಣದ ಕರೆಯೋಲೆಯನ್ನು ಶಿಗ್ಗಾಂವಿಯಲ್ಲಿ ಅಚ್ಚು ಹಾಕಿ, ಮಗುವಿಗೆ ಎರಡೂರಿನ ಋಣ ಹೊರಿಸಿದವನು ನಾನೇ. ಹೋದ ವರ್ಷ ಶೋಭಕ್ಕನ ಮೈದುನ ಪ್ರಕಾಶಣ್ಣ ಹುಬ್ಬಳ್ಳಿಯಿಂದ ಬಂದವರು ಇದನ್ನೆಲ್ಲ ಕೇಳಿ ನನ್ನ ಎದುರಿಗೇ ಹೇಳಿದರು:

"ವೈನಿ, ಈ ಹುಡುಗನ್ನ ಬಿಡ್ರಿ. ನಮ್ಮ ಪರಿಚಯದ ಕಂಪನಿ ಐತಿ, ಎಲ್ಲಾ ಅವರ ನೋಡ್ಕೋತಾರ."

ನನಗೆ ಸಿಟ್ಟು ನೆತ್ತಿಗೇರಿತು. "ಒಂದ ವಾರ ಕೊಡ್ರಿ ಅಕ್ಕಾ. ಲ್ಯಾಪ್‌ಟಾಪ್ ತಾನ ಊರು ಗುರುತ ಹಿಡಿಯೋ ಹಂಗ ಮಾಡ್ತೇನಿ. ಆಗಲಿಲ್ಲಂದ್ರ ಚೀಲ ಇಲ್ಲೇ ಇಟ್ಟು ಹೋಗ್ತೇನಿ."

"ಮುಂದಿನ ಸೋಮವಾರದ ತನಕ," ಅಂದರು ಶೋಭಕ್ಕ. "ಆಮ್ಯಾಲೆ ನಾನೂ ಕೇಳಂಗಿಲ್ಲ, ನೀನೂ ಹೇಳಂಗಿಲ್ಲ."

ಒಂದು ಸ್ಕ್ರಿಪ್ಟು ಬರೆದೆ. ಸ್ಕ್ರಿಪ್ಟು ಅಂದರೆ ಯಂತ್ರಕ್ಕೆ ಬರೆದಿಟ್ಟ ನಾಲ್ಕು ಸಾಲಿನ ಅಪ್ಪಣೆ. ಪ್ರತಿ ಅಂಗಡಿಯ ನೆಟ್‌ವರ್ಕೂ ಲ್ಯಾಪ್‌ಟಾಪಿಗೆ ತನ್ನದೊಂದು ನಂಬರು ಕೊಡುತ್ತದೆ. ನಂಬರು ಬದಲಾದ ಕೂಡಲೇ ಸ್ಕ್ರಿಪ್ಟು ಎದ್ದು ಇದು ಯಾವ ಊರು ಎಂದು ಗುರುತಿಸಿ, ಆ ಊರಿನ ಪ್ರಿಂಟರು ಹಿಡಿದು, ಆ ಊರಿನ ಕೆಲಸ ಅಚ್ಚು ಹಾಕಬೇಕು. ಸೋಮವಾರ, ಮಂಗಳವಾರ ಎಲ್ಲ ಸುಸೂತ್ರ. ನಾನು ಮೀಸೆ ತಿರುವಿದೆ, ಇರುವ ಎಂಟು ಕೂದಲಿನಷ್ಟು.

ಬುಧವಾರ ಸಿಡಿಲಿಗೆ ಸವಣೂರಿನ ರೌಟರು, ಅಂದರೆ ಈ ನಂಬರು ಕೊಡುವ ಡಬ್ಬಿ, ಸುಟ್ಟುಹೋಯಿತು. ಗುರುವಾರ ಹೋಗಿ ಬೇರೊಂದು ಕೂಡಿಸಿದೆ. ಅಷ್ಟರಲ್ಲಿ ಗುಂಡಾಚಾರ್ರು ಬಂದರು. ನಿವೃತ್ತ ಸಂಸ್ಕೃತ ಮಾಸ್ತರು. ತಮ್ಮ ಮನೆತನದ ವಂಶವೃಕ್ಷ ಅಚ್ಚು ಹಾಕಿಸಲು ಎಲ್ಲಿಂದಲೋ ತರಿಸಿದ ಹನ್ನೆರಡು ದಪ್ಪ ಹಾಳೆ ಎದೆಗವಚಿಕೊಂಡಿದ್ದರು. ಹಾಳೆ ಕೊಡುವ ಮೊದಲು ನನ್ನ ವಿಚಾರಣೆ ನಡೆಯಿತು.

"ಯಾವೂರಪಾ ನಿಂದು?"

"ತಿಳವಳ್ಳಿರೀ."

"ತಿಳವಳ್ಳಿಯೊಳಗ ಮಂದಿ ಭಾಳ ಇದ್ದಾರ. ಯಾರ ಪೈಕಿ?"

ಅಜ್ಜನ ಹೆಸರು ಹೇಳಿದ ಮೇಲೆಯೇ ಹಾಳೆಗಳು ಅವರ ಎದೆಯಿಂದ ಪ್ರಿಂಟರಿಗೆ ಇಳಿದವು.

"ಈಗ ನೋಡ್ರಿ ಆಚಾರ್ರ, ಒಂದ ಬಟನ್ ಸುದ್ದಾ ಮುಟ್ಟಂಗಿಲ್ಲ," ಅಂತ ಲ್ಯಾಪ್‌ಟಾಪು ತೆರೆದು, ಪ್ರಿಂಟರಿಗೆ ಬೆನ್ನು ಮಾಡಿ ಭಾಷಣ ಸುರು ಮಾಡಿದೆ. ಹಿಂದೆ ಗರಗರ ಸದ್ದು. ಆಚಾರ್ರ ಹುಬ್ಬು ಮೇಲೇರಿತು. ತಿರುಗಿ ನೋಡಿದರೆ ದಪ್ಪ ಹಾಳೆಯ ಮೇಲೆ ಹಿರೇಕೆರೂರಿನ ಬೀಜದ ವ್ಯಾಪಾರಿಯ ಕರಪತ್ರ: 'ಗೋವಿನಜೋಳಕ್ಕೆ ಕೊಟ್ಟಿಗೆ ಗೊಬ್ಬರವೇ ಶ್ರೇಷ್ಠ.' ಗಾಬರಿಯಲ್ಲಿ ಪ್ಲಗ್ಗು ಕಿತ್ತೆ. ನಿಂತದ್ದು ಫ್ಯಾನು. ಪ್ರಿಂಟರು ಹನ್ನೆರಡೂ ಮುಗಿಸಿಯೇ ಉಸಿರು ಬಿಟ್ಟಿತು.

ಆಚಾರ್ರು ಹಾಳೆಯನ್ನು ಪೂರ್ತಿ ಓದಿದರು. ಜೇಬಿನಿಂದ ಕೆಂಪು ಪೆನ್ನು ತೆಗೆದು ಎರಡು ಕಡೆ ತಿದ್ದಿದರು. "ಹನ್ನೆರಡೂ ಪ್ರತಿಯೊಳಗ ಅದ ತಪ್ಪು. ನಿನ್ನ ಯಂತ್ರಕ್ಕ ನಿಷ್ಠಾ ಭಾಳ ಅದ."

ಸುದ್ದಿ ನನಗಿಂತ ಮೊದಲು ಶಿಗ್ಗಾಂವಿ ಮುಟ್ಟಿತು. ಫೋನಿನಲ್ಲಿ ಶೋಭಕ್ಕ: "ಚೀಲ ಎಲ್ಲಿಡ್ತಿ?"

"ಅಕ್ಕಾ, ನೀವು ಸೋಮವಾರದ ತನಕ ಅಂದೀರಿ. ಇವತ್ತ ಗುರುವಾರ," ಅಂತ ಹೇಳಿ ಫೋನು ಇಟ್ಟೆ.

ತಪ್ಪು ಎಲ್ಲಿ? ಹೊಸದಾಗಿ ಕೂಡಿಸಿದ ರೌಟರು ಹಿರೇಕೆರೂರಿನದರ ಜೋಡಿಯಂಥದ್ದು. ಎರಡೂ ಒಂದೇ ಸಾಲಿನ ನಂಬರು ಕೊಡುತ್ತಿದ್ದವು, ಲ್ಯಾಪ್‌ಟಾಪಿಗೂ ಪ್ರಿಂಟರಿಗೂ. ಕೂಡಿಸಿದ ಪಂಡಿತ ನಾನೇ. ಸ್ಕ್ರಿಪ್ಟು ನಂಬರು ನೋಡಿ ಹಿರೇಕೆರೂರು ಅಂದುಕೊಂಡಿತು. ಎದುರಿಗೆ ಕೂತ ಮುದುಕರು ಬರೀ ಊರಿನ ಹೆಸರಿಗೆ ಹಾಳೆ ಕೊಡದೆ ಅಜ್ಜನ ತನಕ ಕೇಳಿದ್ದರು. ನನ್ನ ಸ್ಕ್ರಿಪ್ಟು ಯಾರ ಪೈಕಿ ಅಂತ ಕೇಳದೆಯೇ ಊಟಕ್ಕೆ ಕೂತಿತ್ತು! ಪ್ರತಿ ರೌಟರಿಗೂ ಕಾರ್ಖಾನೆಯಲ್ಲೇ ಕೊಟ್ಟ, ಬೇರಾವುದಕ್ಕೂ ಇಲ್ಲದ ಗುರುತೊಂದಿರುತ್ತದೆ. ಮೊದಲು ಅದನ್ನು ಕೇಳು, ಗುರುತು ಸಿಗದಿದ್ದರೆ ಸುಮ್ಮನಿರು ಎಂದು ಅಲ್ಲೇ ಕೂತು ತಿದ್ದಿ ಬರೆದೆ. ಆಚಾರ್ರು ಏಳಲಿಲ್ಲ.

"ಇನ್ನೊಮ್ಮೆ ನಡಸು," ಅಂದರು.

"ಹಾಳಿ ಇಲ್ಲರಿ ಆಚಾರ್ರ."

"ಬೆನ್ನ ಖಾಲಿ ಅದ ಅಲ್ಲೋ!"

ಹಾಳೆ ತಿರುವಿ ಇಟ್ಟೆವು. ಈ ಸಲ ಏಳು ತಲೆಮಾರು ಸಾಲಾಗಿ, ಒಬ್ಬರೂ ತಪ್ಪದೆ ಇಳಿದು ಬಂದರು. "ಬೆನ್ನಿಗೆ ಗೊಬ್ಬರ ಇದ್ದರ ವಂಶ ಛಲೋ ಬೆಳೀತದ ಬಿಡು," ಎಂದು ಅವರು ಹನ್ನೆರಡೂ ಎತ್ತಿಕೊಂಡು ಹೋದರು.

ಶನಿವಾರ ಹಿರೇಕೆರೂರಿನಲ್ಲಿ ಬೀಜದ ಕರಪತ್ರ ತನ್ನ ಮನೆಯಲ್ಲೇ ಹುಟ್ಟಿತು. ಸೋಮವಾರ ಶೋಭಕ್ಕನ ಎದುರು ಚೀಲ ಹಿಡಿದು ನಿಂತೆ. ಅವರು ಅಂದರು: "ಇನ್ನೊಂದ ವಾರ ನೋಡೂನು."

ಅದಾಗಿ ವರ್ಷ ದಾಟಿತು. ಪ್ರತಿ ಸೋಮವಾರ ಅದೇ ಮಾತು. ಕೆಲಸ ಇದೆ ಅಂತ ಅವರು ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. ನಾನೂ ವಾರದ ಲೆಕ್ಕದಲ್ಲಿ ಬದುಕುವ ಬಾಡಿಗೆ ಸೈಕಲ್ಲಿನ ಹಾಗೆ ಊರೂರು ಉರುಳುತ್ತ ಬಂದೆ.

ಇವತ್ತು ಕರೆಯೋಲೆಗಳ ಕಟ್ಟು ಕಟ್ಟಿಟ್ಟು, ಅವರು ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟೆ: "ಅಕ್ಕಾ, ಇನ್ನ ಮ್ಯಾಲೆ ಇನ್ನೊಂದ ವಾರ ಅನ್ನಬ್ಯಾಡ್ರಿ. ನಾನು ಇಲ್ಲೇ ಇರ್ತೇನಿ."

ಶೋಭಕ್ಕ ಕನ್ನಡಕದ ಮೇಲಿನಿಂದ ನೋಡಿದರು. "ಇದ್ರ ಇರು. ಹಾನಗಲ್ಲ ಬಸ್ ಹೊಂಟೈತಿ ನೋಡು, ಓಡು."

ಕಾಯಂ ನೌಕರ ಓಡುತ್ತಾನೆಯೇ? ಎದೆ ಸೆಟೆಸಿಕೊಂಡು, ನಿಧಾನಕ್ಕೆ ನಡೆದುಕೊಂಡೇ ಹೋದೆ. ಬಸ್ಸು ತಪ್ಪಿತು.