ಎರಡನೇ ಗುಂಪಿನವರ ಲಿವರ್

ಆಫೀಸಿನಲ್ಲಿ ಎಲ್ಲರೂ ಬೆನ್ನ ಹಿಂದೆ ಅವಳನ್ನು ಕರೆಯುತ್ತಿದ್ದುದು ಅನುಮಾನದಮ್ಮ ಎಂದೇ. ಅದು ಅವಳಿಗೂ ಗೊತ್ತಿತ್ತು. ಸಂಬಳ ಕೊಡುವುದೇ ಅನುಮಾನಪಡುವುದಕ್ಕೆ, ಬೇಜಾರು ಯಾಕೆ ಎನ್ನುತ್ತಿದ್ದಳು.

ಮೊದಲ ಕೆಲವು ವರ್ಷ ಜೀನುಗಳ ಲೆಕ್ಕ ಮಾಡಿದಳು. ಸಾವಿರಾರು ಜೀನುಗಳಲ್ಲಿ ಯಾವುದು ರೋಗಕ್ಕೆ ಕಾರಣ, ಯಾವುದು ಬರೀ ಕಾಕತಾಳೀಯ ಎಂದು ಜರಡಿ ಹಿಡಿಯುವ ಕೆಲಸ. ಆಮೇಲೆ ವಿಷಪರೀಕ್ಷೆಯ ಲ್ಯಾಬು. ಅಲ್ಲಿ ರಾಸಾಯನಿಕ ತಿಂದ ಇಲಿಗಳು ಯಾವಾಗಲೂ ಒಂದನೇ ಗುಂಪು, ತಿನ್ನದವು ಎರಡನೆಯದು. ಲಿವರ್ ಹೇಗೆ ಕೆಡುತ್ತದೆ ಎಂಬುದು ಅವಳಿಗೆ ಅಂಗೈ ಮೇಲಿನ ನೆಲ್ಲಿಕಾಯಿಯಾಯಿತು. ಈಗ ಹೃದ್ರೋಗದ ಹೊಸ ಮಾತ್ರೆಯೊಂದರ ಪ್ರಯೋಗದ ಲೆಕ್ಕ. "ಮೊಸರಲ್ಲಿ ಕಲ್ಲು ಹುಡುಕೋದನ್ನೇ ಕಸುಬು ಮಾಡ್ಕೊಂಡಿದಾಳೆ" ಎಂದು ಅವಳಮ್ಮ ನೆಂಟರಿಗೆ ಹೇಳುವಾಗ ದೂರಿಗಿಂತ ಹೆಮ್ಮೆಯೇ ಜಾಸ್ತಿ ಇರುತ್ತಿತ್ತು.

ಅರ್ಧ ರೋಗಿಗಳಿಗೆ ನಿಜವಾದ ಮಾತ್ರೆ, ಇನ್ನರ್ಧ ಜನಕ್ಕೆ ನೋಡಲು ಹಾಗೇ ಇರುವ, ಮದ್ದಿಲ್ಲದ ಹುಸಿ ಮಾತ್ರೆ. ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ನೋಡುವ ಡಾಕ್ಟರಿಗೂ ತಿಳಿಯದು. ಬಲ್ಲವರು ಇಬ್ಬರೇ: ಮಾತ್ರೆ ಕಟ್ಟಿ ಕಳಿಸುವ ಫಾರ್ಮಸಿಸ್ಟ್, ಮತ್ತು ಅವಳು. ಅವಳ ಕೋಷ್ಟಕದ ಪ್ರಕಾರ ಹುಸಿ ಮಾತ್ರೆಯವರಲ್ಲೇ, ಅಂದರೆ ಎರಡನೇ ಗುಂಪಿನಲ್ಲೇ, ಸಾವು ಹೆಚ್ಚು. ಹಾಗಾಗಿ ಪ್ರಯೋಗದ ಮೇಲೆ ಕಣ್ಣಿಟ್ಟಿದ್ದ ಡಾಕ್ಟರುಗಳ ಸಮಿತಿ ಆ ಮಧ್ಯಾಹ್ನ ಸೇರಿ, ಪ್ರಯೋಗ ಸಾಕು, ಇನ್ನು ಎಲ್ಲರಿಗೂ ನಿಜವಾದ ಮಾತ್ರೆಯನ್ನೇ ಕೊಡಿ ಎಂದು ಸಹಿ ಹಾಕುವುದಿತ್ತು.

ಬೆಳಿಗ್ಗೆ ಕೊನೆಯ ಸಲವೆಂದು ರಕ್ತಪರೀಕ್ಷೆಗಳ ಮೇಲೆ ಕಣ್ಣಾಡಿಸಿದಳು. ಹುಸಿ ಮಾತ್ರೆಯವರ ಲಿವರ್ ಕೆಡುತ್ತಿತ್ತು. ಒಬ್ಬಿಬ್ಬರದಲ್ಲ. ಮದ್ದೇ ಇಲ್ಲದ ಮಾತ್ರೆ ನುಂಗಿ ಲಿವರ್ ಕೆಡುವುದುಂಟೆ? ಇಲಿಗಳಲ್ಲಿ ವರ್ಷಗಟ್ಟಲೆ ಕಂಡ ಲಿವರಿನ ಕಿಣ್ವಗಳ ಏರಿಕೆಯೇ ಇಲ್ಲೂ ಕಾಣುತ್ತಿತ್ತು. ಫಾರ್ಮಸಿಸ್ಟಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದಳು. ಮೀಟಿಂಗಿಗೆ ಮೆಟ್ಟಿಲು ಹತ್ತುವಾಗ ಅವರೇ ಫೋನ್ ಮಾಡಿದರು.

"ಸಾರ್, ಎರಡನೇ ಗುಂಪಿಗೆ ಯಾವ ಮಾತ್ರೆ ಹೋಗ್ತಿದೆ?"

"ನಿಜವಾದ್ದು. ಒಂದು ಅಂದ್ರೆ ಹುಸಿ, ಎರಡು ಅಂದ್ರೆ ನಿಜ. ಶುರುವಲ್ಲೇ ಹೇಳಿದ್ನಲ್ಲ ಮೇಡಂ."

ಹೇಳಿದ್ದರು. ಇಲಿಗಳ ಲ್ಯಾಬಿನ ಅಭ್ಯಾಸಬಲ, ಕೈ ತಾನಾಗಿಯೇ ತಿರುವುಮುರುವು ಬರೆದುಬಿಟ್ಟಿತ್ತು. ಊರವರ ಲೆಕ್ಕವನ್ನೆಲ್ಲ ಅನುಮಾನಿಸಿದ ಪುಣ್ಯಾತ್ಗಿತ್ತಿ ತನ್ನ ಕೈಯೊಂದನ್ನು ನಂಬಿ ಕೂತಿದ್ದಳು.

ಒಳಗೆ ಸಮಿತಿಯ ಹಿರಿಯ ಡಾಕ್ಟರು ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದರು. ತಪ್ಪನ್ನು ಫಾರ್ಮಸಿಸ್ಟರ ತಲೆಗೆ ಕಟ್ಟುವ ಯೋಚನೆ ಅವಳಿಗೆ ಬರಲಿಲ್ಲವೆಂದರೆ ಸುಳ್ಳಾದೀತು. ನಾಚಿಕೆಯಾಯಿತು.

"ಸಹಿ ಹಾಕ್ಬೇಡಿ ಸಾರ್. ಗುಂಪುಗಳು ಅದಲುಬದಲಾಗಿವೆ, ತಪ್ಪು ನಂದೇ. ಜಾಸ್ತಿ ಸಾಯ್ತಿರೋದು ನಿಜವಾದ ಮಾತ್ರೆ ತಗೊಂಡೋರು."

ಹಿರಿಯ ಡಾಕ್ಟರು ಫಾರ್ಮಸಿಸ್ಟನ್ನು ಫೋನಿನಲ್ಲಿ ಕೇಳಿ ಖಾತ್ರಿ ಮಾಡಿಕೊಂಡು, ಎಲ್ಲ ಕಡೆಯೂ ಮಾತ್ರೆ ನಿಲ್ಲಿಸಲು ಹೇಳಿದರು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತವಳ ಬಳಿ ಬಂದು, ಬಾಯಿಬಿಟ್ಟು ಹೇಳಿದ್ದೇ ದೊಡ್ಡದು, ಎಷ್ಟೋ ಜನರ ಜೀವ ಉಳಿಸಿದಿರಿ ಎಂದರು.

ಆ ಮಾತನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ.

"ಹೋದ ಮೀಟಿಂಗಿಗೂ ಇದೇ ಕೋಷ್ಟಕ ತಂದಿದ್ದೆ ಸಾರ್. ಅವತ್ತು ಸರಿಯಾಗಿ ತಂದಿದ್ರೆ, ಮಾತ್ರೆ ತಗೊಂಡೋರೇ ಜಾಸ್ತಿ ಸಾಯೋದು ಕಂಡು ಅವತ್ತೇ ನಿಲ್ಲಿಸಿರ್ತಿದ್ವಿ."

ಅವರು ಕುರ್ಚಿಯಲ್ಲಿ ಕೂತರು. ಅಲ್ಲಿಂದೀಚೆಗೆ ಎರಡನೇ ಗುಂಪಿನಲ್ಲಿ ಎಷ್ಟು ಜನ ಹೋದರು ಎಂದು ಮೆಲ್ಲಗೆ ಕೇಳಿದರು.

ಅವಳು ಕಂಪ್ಯೂಟರಿನತ್ತ ತಿರುಗಲೂ ಇಲ್ಲ.

"ನಾಲ್ಕು ಜನ" ಎಂದಳು.