ಕಾಕು ಮೆತ್ತಿದ ಸೈಲೆನ್ಸರ್

ಕಳೆದ ವಾರ ನಮ್ಮ ಕಾಮೋಠೆಯ ಮನೆಯಲ್ಲಿ ಹೂರಣ ಹೊತ್ತಿತು. ಸೊಸೆ ಫೋನಿನಲ್ಲಿ ಮಾತಾಡುತ್ತ ಬಾಲ್ಕನಿಗೆ ಹೋದಳು, ನಾನು ಏಲಕ್ಕಿ ಡಬ್ಬಿ ಹುಡುಕುತ್ತ ನಿಂತೆ, ಒಲೆಯ ಮೇಲಿದ್ದ ಬೆಲ್ಲ ತನ್ನ ಪಾಡಿಗೆ ತಳ ಹಿಡಿದು ಕರಕಲಾಯಿತು. ಸೊಸೆ ಓಡಿ ಬಂದು ಕಿಟಕಿ ತೆರೆದು, "ಸಾರಿ ಮಮ್ಮಿ, ಸಬ್ ಜಲ್ ಗಯಾ" ಎಂದು ಪೇಚಾಡಿದಳು. ನಾನು ಮಾತ್ರ ಆ ಹೊಗೆಯಲ್ಲೇ ನಿಂತುಬಿಟ್ಟೆ. ಸುಟ್ಟ ಬೆಲ್ಲದ ವಾಸನೆ ಬಂದರೆ ನನಗೆ ನೆನಪಾಗುವುದು ಹೋಳಿಗೆಯಲ್ಲ, ಒಂದು ಮುದಿ ಕಾರಿನ ಸೈಲೆನ್ಸರ್. ಮತ್ತು ಅದನ್ನು ಮೆತ್ತುತ್ತಿದ್ದ ನಮ್ಮ ಎದುರು ಖೋಲಿಯ ಕಾಕು...

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಡೊಂಬಿವಲಿಯ ನಮ್ಮ ಚಾಳಿನ ಒಂಟಿಕೋಣೆಯ ಖೋಲಿಗಳ ಸಾಲಿನಲ್ಲಿ ಕನ್ನಡದ ಮನೆಗಳು ಎರಡೇ, ನಮ್ಮದು ಮತ್ತು ಅವರದು. ಎರಡೂ ಬಿಜಾಪುರದ ಕಡೆಯವು. ರಕ್ತಸಂಬಂಧ ಏನೂ ಇರಲಿಲ್ಲ, ಆದರೂ ಅವರು ನಮಗೆ ಚಿಕ್ಕಮ್ಮನಂತೆ ಕಾಕು, ಅವರ ಯಜಮಾನರು ಕಾಕಾ. ಕಾಕಾನ ಹತ್ತಿರ ಒಂದು ಹಳೆಯ ಕಾರಿತ್ತು. ಮದುವೆಗೆ, ಆಸ್ಪತ್ರೆಗೆ, ಸ್ಟೇಷನ್ನಿಗೆ ಬಾಡಿಗೆ ಹೊಡೆಯುತ್ತಿದ್ದರು. ಅದು ಎಷ್ಟು ಕೈ ದಾಟಿ ಬಂದಿತ್ತೋ, ಅದರ ಮೂಲ ಬಣ್ಣ ಯಾವುದೆಂದು ಕಾಕಾನಿಗೂ ತಿಳಿದಿರಲಿಲ್ಲ. ಎಂಜಿನ್ ಗಟ್ಟಿಮುಟ್ಟು, ಉಳಿದದ್ದೆಲ್ಲ ದೇವರ ಮೇಲೆ ಭಾರ. ಮಳೆಗಾಲದ ನಾಲ್ಕು ತಿಂಗಳು ನಮ್ಮ ರಸ್ತೆಗಳಲ್ಲಿ ನೀರು ನಿಲ್ಲುತ್ತಿದ್ದುದರಿಂದ ಹೊಗೆ ಹೋಗುವ ಕೊಳವೆ ತುಕ್ಕು ಹಿಡಿದು, ಇಂದು ಇಲ್ಲಿ ತೂತಾದರೆ ನಾಳೆ ಅಲ್ಲಿ ಜೋತು ಬೀಳುತ್ತಿತ್ತು. ಕಾರು ತಿರುವಿಗೆ ಬಂದಾಗಲೇ ಅದರ ಅಬ್ಬರ ಚಾಳಿಗೆಲ್ಲ ಕೇಳುತ್ತಿತ್ತು. ಕಾಕು ಆ ಸದ್ದಿಗೇ ರೊಟ್ಟಿಯ ಹಂಚು ಇಡುತ್ತಿದ್ದರು.

ಗ್ಯಾರೇಜಿನವನು ಪೂರ್ತಿ ಹೊಸದು ಹಾಕಿಸಿ ಎನ್ನುತ್ತಿದ್ದ. ಕಾಕುಗೆ ಆ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. "ಹೊಸಾದ ಹಾಕಾಕ ಅವನ್ಯಾಕ ಬೇಕು?" ಎಂದು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕಾರಿನ ಕೆಳಗೆ ಗೋಣಿಚೀಲ ಹಾಸಿ ತಾವೇ ತೂರುತ್ತಿದ್ದರು. ಜೋತು ಬಿದ್ದ ಕೊಳವೆಗೆ ಸೈಕಲ್ ಟ್ಯೂಬಿನ ಪಟ್ಟಿ. ತೂತಿಗೆ ವನಸ್ಪತಿ ಡಬ್ಬಿಯ ತಗಡು, ಅದರ ಮೇಲೆ ತಂತಿಯ ಬಿಗಿ. ಇವೆಲ್ಲ ಬೇರೆಯವರೂ ಮಾಡುತ್ತಿದ್ದರು. ಆದರೆ ತಗಡಿನ ಸಂದಿಗೆ ಕಾಕು ಮೆತ್ತುತ್ತಿದ್ದದ್ದು ಶೆಗಡಿಯ ಮಣ್ಣು. ಆಗ ನಮ್ಮ ಚಾಳಿನಲ್ಲಿ ಇದ್ದಿಲಿನ ಶೆಗಡಿಯಲ್ಲೇ ಅಡುಗೆ. ಕಬ್ಬಿಣದ ಶೆಗಡಿಯ ಒಳಮೈಗೆ ಹೆಂಗಸರು ಮಣ್ಣು, ಉಪ್ಪು, ತೌಡು ಕಲಸಿ ಆಗಾಗ ಮೆತ್ತಬೇಕಿತ್ತು. ಬೆಂಕಿ ತಡೆಯುವ ಮಣ್ಣು ಹೊಗೆ ತಡೆಯದೇ ಎಂಬುದು ಕಾಕು ಲೆಕ್ಕ. ಬಿಸಿಲಲ್ಲಿ ಒಣಗಿಸಿದರೆ ಅದು ವಾರಗಟ್ಟಲೆ ನಿಲ್ಲುತ್ತಿತ್ತು. ಕಾಕಾ ಮಾತ್ರ ಪಾನ್ ಅಂಗಡಿಯ ಕಟ್ಟೆಯ ಮೇಲೆ ಕೂತು, "ನಮ್ಮ ಗಾಡಿ ಪೆಟ್ರೋಲಿನ ಮ್ಯಾಲ ಅಲ್ಲ, ಇಕಿ ಒಲಿ ಮ್ಯಾಲ ನಡೀತೈತಿ" ಎಂದು ನಗುತ್ತಿದ್ದರು.

ಹೀಗಿರುವಾಗ ಒಂದು ವರ್ಷ ಅಪ್ಪನ ಕಾರ್ಖಾನೆ ಮುಚ್ಚಿತು. ಬೇಲಾಪುರ ರಸ್ತೆಯ ಬೇರೆ ಕಾರ್ಖಾನೆಗಳ ಗೇಟಿಗೆಲ್ಲ ಅಲೆದು ಅಪ್ಪ ಸೋತರು. ತಿಂಗಳ ಕೊನೆಗೆ ಖೋಲಿ ಬಿಟ್ಟು ಊರಿಗೆ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಊರಲ್ಲಿ ನಮಗೆ ಹೊಲವೂ ಇರಲಿಲ್ಲ, ಮನೆಯೂ ಇರಲಿಲ್ಲ, ಸೋದರಮಾವನ ಹಜಾರವಿತ್ತು. ತಮ್ಮಂದಿರ ಶಾಲೆ ಅರ್ಧಕ್ಕೇ ನಿಲ್ಲುವುದರಲ್ಲಿತ್ತು. ಅಷ್ಟರಲ್ಲಿ ಠಾಣೆಯ ಒಂದು ಕಂಪನಿಯಿಂದ ನನಗೆ ಟೆಲಿಫೋನ್ ಆಪರೇಟರ್ ಕೆಲಸದ ಪರೀಕ್ಷೆಗೆ ಕರೆ ಬಂತು. ಬೆಳಿಗ್ಗೆ ಹತ್ತಕ್ಕೆ ಅಲ್ಲಿರಬೇಕು. ಅಮ್ಮ ಸಾಮಾನು ಕಟ್ಟುವುದನ್ನು ನಿಲ್ಲಿಸಿದಳು. ಕಟ್ಟಿದ್ದ ಒಂದು ಗಂಟನ್ನು ಬಿಚ್ಚಿ ತನ್ನ ಒಳ್ಳೆಯ ಸೀರೆ ತೆಗೆದು ನನಗೆಂದು ಇಸ್ತ್ರಿ ಮಾಡಿಸಿದಳು.

ಪರೀಕ್ಷೆಯ ಹಿಂದಿನ ದಿನ ಹಿಡಿದ ಮಳೆ ಬೆಳಗಾದರೂ ಬಿಡಲಿಲ್ಲ. ದಿವಾದ ಹತ್ತಿರ ಹಳಿಯ ಮೇಲೆ ನೀರು ಬಂದು ಲೋಕಲ್ ಎಲ್ಲ ಬಂದ್. ಸ್ಟೇಷನ್ನಿನಿಂದ ಹಿಂದಿರುಗಿದ ನನ್ನ ಮುಖ ನೋಡಿಯೇ ಕಾಕುಗೆ ತಿಳಿಯಿತು. ಕಾರು ಅಂಗಳದಲ್ಲೇ ಇತ್ತು, ಆದರೆ ಸೈಲೆನ್ಸರ್ ಬಾಯಿಬಿಟ್ಟಿತ್ತು. "ರೀ, ಚಾವಿ ತಗೋರಿ. ಶಿಳ ಫಾಟಾದ ಮ್ಯಾಲ ಹಾದು ಹೋಗೂಣು" ಎಂದವರೇ ಕಾಕು ಕಾರಿನ ಕೆಳಗೆ ನುಗ್ಗಿದರು.

ಮಣ್ಣಿದೆ, ತಗಡಿದೆ, ಬಿಸಿಲಿಲ್ಲ. ಹಸಿ ಮಣ್ಣು ನಿಲ್ಲಲೊಲ್ಲದು. ಆಗ ಕಾಕು ಒಳಗೆ ಹೋಗಿ ಬೆಲ್ಲದ ಒಂದು ದೊಡ್ಡ ಹೆಂಟೆ ತಂದು, ಕರಗಿಸಿ, ಮಣ್ಣಿಗೆ ಸುರಿದು ಕಲಸತೊಡಗಿದರು. ಕಾಕಾ ತಲೆ ಮೇಲೆ ಕೈ ಹೊತ್ತು, "ಅದೇನ ಸೈಲೆನ್ಸರೋ ಹೋಳಗಿಯೋ?" ಎಂದರು.

"ಗೋಲಗುಮ್ಮಟ ಕಟ್ಟಿದ ಗಚ್ಚಿನ್ಯಾಗ ಬೆಲ್ಲ ಹಾಕಿದ್ರಂತ. ಅದು ಇನ್ನೂ ನಿಂತೈತಿ. ನಿಮ್ಮ ಡಬ್ಬಾ ಗಾಡಿ ಠಾಣೇತನಕ ನಿಂದರಾಂಗಿಲ್ಲೇನು?"

ಬಿಜಾಪುರದವರ ಎದುರು ಗೋಲಗುಮ್ಮಟದ ಹೆಸರೆತ್ತಿದ ಮೇಲೆ ಮಾತು ಮುಗಿಯಿತು. ಕಾಕಾ ಹೋಗಿ ಗಾಡಿ ಚಾಲೂ ಮಾಡಿದರು. ಗುಮ್ಮಟದ ಒಳಗೆ ಎಂಜಿನ್ ಇಲ್ಲ ಎಂಬುದು ನಮ್ಮ ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ.

ಮುಂದೆ ಕಾಕಾ, ಹಿಂದೆ ನಾನು ಮತ್ತು ಕಾಕು. ಕಾಕುಗೆ ಕೈ ಖಾಲಿ ಇಟ್ಟು ಗೊತ್ತಿರಲಿಲ್ಲ. ಮಡಿಲಲ್ಲಿ ಹತ್ತಿ ಇಟ್ಟುಕೊಂಡು ದೀಪಕ್ಕೆ ಹೂಬತ್ತಿ ಹೊಸೆಯುತ್ತಲೇ ಕೂತಿದ್ದರು. ನೆಲದ ತಗಡಿನಲ್ಲೂ ತೂತುಗಳಿದ್ದವು. ಹೊಗೆ ಒಳಗೆ ಬಂದರೆ ತಲೆ ಸುತ್ತುತ್ತದೆ ಎಂದು ಕಾಕು ಯಾವ ಕಿಟಕಿಯನ್ನೂ ಏರಿಸಲು ಬಿಡಲಿಲ್ಲ. ಅಮ್ಮನ ಸೀರೆ ನೆನೆಯದಿರಲೆಂದು ನಾನು ಕಾರಿನೊಳಗೆ ಛತ್ರಿ ಬಿಚ್ಚಿ ಕೂತೆ. ದಾರಿಯ ಜನ ನೋಡಿ ನಗುತ್ತಿದ್ದರು.

ಮೊದಮೊದಲು ಬೆಲ್ಲದ ಪಾಕದ ಘಮಘಮ ಬಂತು. ಕಾಕು ಹೆಮ್ಮೆಯಿಂದ ನನ್ನತ್ತ ನೋಡಿದರು. ಆಮೇಲೆ ಪಾಕ ಹದ ಮೀರಿತು, ಸೀದಿತು, ಕಾರಿನ ಹಿಂದೆ ಮೋಡದಂಥ ಕಪ್ಪು ಹೊಗೆ ಎದ್ದಿತು. ಶಿಳ ಫಾಟಾದ ಕೂಡುರಸ್ತೆಯಲ್ಲಿ ಗಾಡಿ ನಿಧಾನವಾಗುತ್ತಲೇ ಚಹಾ ಅಂಗಡಿಯವನು ಬೆಂಕಿ ಹತ್ತಿತೆಂದು ತಿಳಿದು "ಗಾಡೀಲಾ ಆಗ್ ಲಾಗಲೀ!" ಎಂದು ಕೂಗುತ್ತ ಗ್ಲಾಸು ತೊಳೆಯುವ ಬಕೀಟು ಎತ್ತಿಕೊಂಡು ಓಡಿ ಬಂದು ಕೆಳಗೆ ಎರಚಿಯೇಬಿಟ್ಟ. ಕಾದ ಮಣ್ಣಿಗೆ ತಣ್ಣೀರು ಬಿದ್ದದ್ದೇ ಚಟಚಟ ಸಿಡಿದು ಮೆತ್ತಿದ್ದೆಲ್ಲ ರಸ್ತೆಗೆ ಉದುರಿತು. ತಗಡು ಕಳಚಿತು, ಕೊಳವೆ ನೆಲಕ್ಕೆ ಜೋತಿತು. ಪಾಪ, ಅವನು ನಮ್ಮ ಜೀವ ಉಳಿಸಲು ಬಂದಿದ್ದ. ಕಾಕು ಅವನಿಗೆ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಮಂಗಳಾರತಿ ಮಾಡಿ, ಅವನಿಂದಲೇ ತಂತಿ ಇಸಿದುಕೊಂಡು, ಕೆಸರಿನಲ್ಲಿ ಅಂಗಾತ ಮಲಗಿ, ಕೈಗೆ ಹಸಿ ಗೋಣಿ ಸುತ್ತಿಕೊಂಡು ಕೊಳವೆಯನ್ನು ಎತ್ತಿ ಕಟ್ಟಿದರು. ತೂತು ಮುಚ್ಚಲು ಮಾತ್ರ ಏನೂ ಉಳಿದಿರಲಿಲ್ಲ.

ಕಾಕಾ ಗಾಡಿ ಚಾಲೂ ಮಾಡಿದಾಗ ಎದೆ ನಡುಗುವಂಥ ಸದ್ದು. ನನಗೆ ಅಳು ಬಂತು. ಪರೀಕ್ಷೆ ಏನೆಂದರೆ, ಪಕ್ಕದ ಕೋಣೆಯಿಂದ ಫೋನಿನಲ್ಲಿ ಒಬ್ಬರು ನಂಬರು ಹೇಳುತ್ತಾರೆ, ಒಂದೂ ತಪ್ಪದೆ ಕೇಳಿಸಿಕೊಂಡು ಬರೆಯಬೇಕು. ಠಾಣೆ ಮುಟ್ಟುವವರೆಗೆ ಈ ಅಬ್ಬರ ಕೇಳಿದ ಕಿವಿಗೆ ಇನ್ನೇನು ಕೇಳಿಸೀತು? ಕಾಕುಗೆ ಹೇಳಬೇಕಾಗಲೇ ಇಲ್ಲ. ಹೊಸೆದಿಟ್ಟ ಬತ್ತಿಗಳನ್ನೆಲ್ಲ ಬಿಚ್ಚಿ, ಇದ್ದ ಹತ್ತಿಯನ್ನೆಲ್ಲ ಉಂಡೆ ಮಾಡಿ ನನ್ನ ಎರಡೂ ಕಿವಿಗೆ ತುರುಕಿದರು. ಮೇಲೆ ತಮ್ಮ ಎರಡೂ ಅಂಗೈ ಒತ್ತಿ ಹಿಡಿದರು. ನಿಮಗೆ ಎಂದು ನಾನು ಸನ್ನೆ ಮಾಡಿದೆ. ಹತ್ತಿಯ ಆಚೆಯಿಂದ ಅವರ ಮಾತು ದೂರದಲ್ಲಿ ಕೇಳಿತು.

"ನಿನ್ನ ಕಿವಿ ಇವತ್ತ ಕೆಲಸಕ್ಕ ಬೇಕು ತಂಗಿ. ನಮ್ಮ ಕಿವಿ ತಗೊಂಡ ಏನ ಮಾಡೂದೈತಿ?"

ಮುಂಬ್ರಾ ದಾಟಿ, ಠಾಣೆಯ ಆ ಗೇಟಿನವರೆಗೆ ಅವರು ಕೈ ತೆಗೆಯಲಿಲ್ಲ. ಅವರ ಅಂಗೈ ಮಣ್ಣಿನದು, ಬೆಲ್ಲದ ಅಂಟಿನದು. ಆ ಒತ್ತು ಇಂದಿಗೂ ನನ್ನ ಕೆನ್ನೆಯ ಪಕ್ಕದಲ್ಲಿದೆ ಎನಿಸುತ್ತದೆ.

ಕೆಲಸ ಸಿಕ್ಕಿತು. ನಾವು ಊರಿಗೆ ಹೋಗಲಿಲ್ಲ. ತಮ್ಮಂದಿರು ಡೊಂಬಿವಲಿಯಲ್ಲೇ ಓದಿದರು, ಅಪ್ಪ ಗೌರವದಿಂದ ಮುಪ್ಪಾದರು. ನಾನು ನಿವೃತ್ತಿಯವರೆಗೂ ಊರಿನ ಮಂದಿಯ ದನಿಗಳನ್ನು ಒಂದರಿಂದೊಂದಕ್ಕೆ ಜೋಡಿಸುತ್ತ ಕೂತೆ. ನಮ್ಮ ಮನೆಯ ಅನ್ನದ ಮೇಲೆ ಕಾಕು ಹೆಸರಿತ್ತು. ಆ ಕಾಲದಲ್ಲಿ ಎದುರು ಖೋಲಿಯವರಿಗೆ ಥ್ಯಾಂಕ್ಸ್ ಹೇಳುವ ಪದ್ಧತಿ ಇರಲಿಲ್ಲ, ಹೇಳಿದ್ದರೆ ಕಾಕು ಲಟ್ಟಣಿಗೆ ಎತ್ತುತ್ತಿದ್ದರು. ಹಬ್ಬಕ್ಕೊಂದು ಸೀರೆ ಉಡಿಸುತ್ತಿದ್ದೆ, ಅಷ್ಟೇ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಾರು ಕಳಂಬೋಲಿಯ ಕಬ್ಬಿಣದ ಬಜಾರಿಗೆ ತುಂಡುತುಂಡಾಗಿ ಹೋಯಿತು. ಕಾಕಾ ತೀರಿಕೊಂಡರು. ಕಾಕು ಮಗನ ಜೊತೆ ದಿವಾಕ್ಕೆ ಹೋದರು. ಅಷ್ಟರಲ್ಲೇ ಅವರ ಕಿವಿ ಮಂದವಾಗುತ್ತ ಬಂದಿತ್ತು. ವಯಸ್ಸು, ಅಷ್ಟು ವರ್ಷ ಕೇಳಿದ ಸದ್ದು, ಎರಡೂ ಸೇರಿ ಹೀಗಾಗಿದೆ ಎಂದರಂತೆ ಡಾಕ್ಟರು. ಆ ಕಾರು ರಿಪೇರಿಯಾದಾಗಲೆಲ್ಲ ಪಕ್ಕದಲ್ಲಿ ಕಿವಿಗೊಟ್ಟು ಪರೀಕ್ಷೆ ಮಾಡುತ್ತಿದ್ದವರು ಅವರೇ ಅಲ್ಲವೇ...

ಕೊನೆಯ ಸಲ ದಿವಾಕ್ಕೆ ಹೋದಾಗ ಅವರಿಗೆ ಪೂರ್ತಿ ಕಿವುಡು. ನನಗೇನನಿಸಿತೋ, ಅಂದು ಹೇಳಿಯೇಬಿಡಬೇಕೆಂದು ಅವರ ಕಿವಿಯ ಹತ್ತಿರ ಬಾಗಿ ಕೂಗಿದೆ. "ಕಾಕು, ಅವತ್ತ ನೀವು ಇರಲಿಲ್ಲಂದ್ರ ನಾವು ಹಾಳಾಗಿ ಹೋಗತಿದ್ದಿವಿ! ನಾವು ಉಂಡ ಅನ್ನ ನಿಮ್ಮದು!" ಮತ್ತೆ ಕೂಗಿದೆ, ಇನ್ನೂ ಜೋರಾಗಿ ಕೂಗಿದೆ. ಜಗಳವೆಂದು ತಿಳಿದು ಪಕ್ಕದ ಮನೆಗಳವರು ಬಾಗಿಲಿಗೆ ಬಂದು ನಿಂತರು. ಕಾಕು ಅವರನ್ನೂ ನೋಡಿದರು, ಒದ್ದೆಯಾದ ನನ್ನ ಮುಖವನ್ನೂ ನೋಡಿದರು.

"ನನಗೇನೂ ಕೇಳಾಂಗಿಲ್ಲ ತಂಗಿ" ಎಂದು ನಕ್ಕರು. "ಕೇಳದಿದ್ರ ಏನಾತು, ನೀ ಮಾತಾಡು. ನೀ ಮಾತಾಡೂದು ನೋಡಾಕ ಚಂದ."

ಸಂಜೆಯವರೆಗೂ ಮಾತಾಡಿದೆ. ಅವರು ನೋಡುತ್ತ ಕೂತರು. ಆ ಮಳೆಗಾಲ ಕಳೆಯುವುದರೊಳಗೆ ಕಾಕು ಹೋದರು. ಈಗ ನನ್ನ ಕಿವಿಗಳು ಈ ವಯಸ್ಸಿನಲ್ಲೂ ಚುರುಕಾಗಿವೆ, ಪಕ್ಕದ ಕೋಣೆಯಲ್ಲಿ ಪಿಸುಗುಟ್ಟಿದರೂ ಕೇಳುತ್ತದೆ. ಎಲ್ಲರ ದನಿಯೂ ಕೇಳುತ್ತದೆ, ಅವರೊಬ್ಬರದು ಬಿಟ್ಟು.