ತೋಳದ ಪಕ್ಕೆಗೆ ಬಿದ್ದ ಮೊಂಡಂಬು

ಆಗಿನ್ನೂ ನಮ್ಮ ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿಕಂಬಗಳು ಎದ್ದಿರಲಿಲ್ಲ. ಹಿರೇಗುಂಟನೂರಿನ ಕಡೆ ಮಳೆ ಮುಗಿದು ಶೇಂಗಾ ಕಿತ್ತರೆ ಸಾಕು, ಹೊಲ, ಹಳ್ಳ ಎಲ್ಲ ಕುರಿಗಳದ್ದೇ, ಕುರಿಗಳ ಹಿಂದೆ ಅಲೆಯುವ ನಮ್ಮಂಥ ಮಕ್ಕಳದ್ದೇ. ಗುಡ್ಡದ ತುಂಬ ಸೀತಾಫಲ ಕಣ್ಣು ಬಿಟ್ಟಿರುತ್ತಿತ್ತು. ಕಾಯಿ ಕಿತ್ತು ಹುಲ್ಲಿನೊಳಗೆ ಹೂತಿಟ್ಟು, ಹಣ್ಣಾಯಿತೇ ಎಂದು ಮತ್ತೆ ಮತ್ತೆ ಒತ್ತಿ ನೋಡಿದವರು ನೀವಾಗಿದ್ದರೆ ಆ ದಿನಗಳ ವಾಸನೆ ನಿಮ್ಮ ಮೂಗಿನಲ್ಲೂ ಇದ್ದೀತು.

ಆ ವರ್ಷ ನಾನು ಏಳನೇ ಕ್ಲಾಸು. ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ಅಪ್ಪ ಪಾಲಜ್ಜ. ಒಂದು ಕಾಲಕ್ಕೆ ಅಜ್ಜ ಊರಿನ ಬೇಟೆಗೆ ಮುಂದಾಳು. ಯುಗಾದಿ ಕಳೆದು ಗಂಡಸರು ಗುಡ್ಡ ಹತ್ತುವಾಗ ಎಲ್ಲರಿಗಿಂತ ಮುಂದೆ ಅವನು, ಅವನ ಹೆಗಲಲ್ಲಿ ಬಿಲ್ಲು. ಆಮೇಲೆ ಕಾಯ್ದೆ ಬಿಗಿಯಾಯಿತು, ಬೇಟೆ ನಿಂತಿತು. ಅದರ ಹಿಂದೆಯೇ ಅಜ್ಜನಿಗೆ ಲಕ್ವ ಹೊಡೆದು ಬಲಗೈ ಸೋತು ಹೋಯಿತು. ಬಿಲ್ಲು ಗೋಡೆ ಸೇರಿತು, ಅಜ್ಜ ಜಗಲಿ ಸೇರಿದ.

ಸುಗ್ಗಿ ಶುರುವಾಗುವ ಹೊತ್ತಿಗೆ ತೋಳದ ಕಾಟ ಶುರುವಾಯಿತು. ಹಾಡಹಗಲೇ ಹಳ್ಳದ ಪೊದೆಯಿಂದ ಬಂದು ಮರಿ ಎತ್ತಿಕೊಂಡು ಹೋಗುತ್ತಿತ್ತು. ನಮ್ಮವೂ ಹೋದವು, ನಮ್ಮ ಜೊತೆ ಕುರಿ ಮೇಯಿಸುತ್ತಿದ್ದ ಪಕ್ಕದ ಮನೆಯ ಸಣ್ಣೋಬಣ್ಣನವೂ ಹೋದವು. ಒಂದು ದಿನ ಅಪ್ಪ ಉಂಡ ಕೈ ತೊಳೆಯುತ್ತಾ, "ಹಿಂಗೇ ಆದ್ರೆ ಈ ಸಲ ಮಂದೆ ಮಾರಿ ಕೈ ತೊಳ್ಕಳಾಣ" ಅಂದ. ಆ ಮರಿಗಳಿಗೆಲ್ಲ ಹೆಸರಿಟ್ಟವಳು ನಾನು.

ಮಾರನೆಯ ಬೆಳಗ್ಗೆ ಅಜ್ಜನ ಮುಂದೆ ಹೋಗಿ ನಿಂತೆ.

"ಅಜ್ಜ, ನನಗೆ ಬಿಲ್ಲು ಹಿಡಿಯಾದು ಹೇಳ್ಕೊಡು."

ಅಜ್ಜ ನನ್ನ ತೋಳು ಮುಟ್ಟಿ ನೋಡಿದ. "ನನ್ನ ಬಿಲ್ಲು ನಿಂಗೆ ಬಗ್ಗಾಕಿಲ್ಲ, ಬೋರಿ. ನಿನ್ನ ಅಳತೆಗೆ ಒಂದು ಮಾಡಾಣ. ನನ್ನ ಕಣ್ಣು, ನಿನ್ನ ಕೈ."

ಹಾಗೆ ಶುರುವಾಯಿತು. ಬಿದಿರು ಸೀಳಿ ಒಲೆಯ ಮೇಲಿನ ಹೊಗೆಗೆ ಕಟ್ಟಿದೆವು. ಕತ್ತಾಳೆ ನಾರನ್ನು ತೊಡೆಯ ಮೇಲೆ ಹೊಸೆದು ಹೊಸೆದು ಹೆದೆ ಮಾಡಿದೆ; ತೊಡೆ ಕೆಂಪಾಗಿ ಉರಿಯಿತು. ಹಳ್ಳದ ದಂಡೆಯ ಲಕ್ಕಿ ಗಿಡದಿಂದ ನೆಟ್ಟನೆಯ ಕಡ್ಡಿ ಆರಿಸಿ, ಬೆಂಕಿಗೆ ಹಿಡಿದು ಸೊಟ್ಟ ತಿದ್ದಿದೆ. ಹುಣಸೆಮರದ ಕೆಳಗೆ ನವಿಲು ಉದುರಿಸಿದ ಗರಿ ತಂದು, ಸೀಳಿ, ಜಾಲಿ ಅಂಟು ಹಚ್ಚಿ, ದಾರ ಸುತ್ತಿದೆ. ಮನೆಯೆಲ್ಲ ಸುಟ್ಟ ಲಕ್ಕಿ ಎಲೆಯ ವಾಸನೆ. ತಪ್ಪಾದಾಗೆಲ್ಲ ಅಜ್ಜ ಎಡಗೈಯಿಂದ ಕಡ್ಡಿ ಕಿತ್ತುಕೊಂಡು ಒಲೆಗೆ ಎಸೆಯುತ್ತಿದ್ದ. ನಾನು ಮತ್ತೊಂದು ತರುತ್ತಿದ್ದೆ.

"ಕಬ್ಬಿಣದ ಮೊನೆ ಯಾವಾಗ ಹಾಕಾದು?" ಕೇಳಿದೆ.

"ಮೊನೆ ಬ್ಯಾಡ. ಮೊಂಡಂಬು ಸಾಕು." ತುದಿಗೆ ಮರದ ಗುಂಡಿ ಕೂರಿಸಿದ ಅಂಬು ಅದು, ಚುಚ್ಚುವುದಿಲ್ಲ, ಗುದ್ದುತ್ತದೆ. "ನಾವು ಕೊಲ್ಲಾಕೆ ಹೋಗ್ತಿಲ್ಲ ಕಣವ್ವ, ಕಾಯಾಕೆ ಹೋಗ್ತಿದ್ದೀವಿ."

ಅಮ್ಮನಿಗೆ ಸರಿಬರಲಿಲ್ಲ. "ಮಾವ, ಹೆಣ್ಮಗಳಿಗೆ ಯಾಕೆ ಇದನ್ನ ಕಲಿಸ್ತೀರಿ? ನಾಳೆ ಯಾರಾದ್ರೂ ಏನಂದಾರು?" ಸಣ್ಣೋಬಣ್ಣನಂತೂ ಜಗಲಿಗೆ ಬಂದು ಕುಂತು ನಕ್ಕೇ ನಕ್ಕ. "ಏನಜ್ಜ, ಕೈ ಹೋಯ್ತು ಅಂತ ಬಿಲ್ಲನ್ನ ಹುಡುಗೀರಿಗೆ ಕೊಟ್ಟುಬಿಟ್ಯಾ?" ಅಜ್ಜ ಅವನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಕಿವಿ ಮಾತ್ರ ಕಾದ ಹೆಂಚಿನ ಹಾಗಾಗಿತ್ತು.

ಹಿತ್ತಲ ಬೇಲಿಯ ಪಾಪಾಸುಕಳ್ಳಿಯೇ ನನ್ನ ಗುರಿ. ಮೊದಮೊದಲು ಅಂಬು ಕೋಳಿಗಳ ಮೇಲೆ, ಬಟ್ಟೆ ಒಣಹಾಕಿದ ಹಗ್ಗದ ಮೇಲೆ, ಒಮ್ಮೆ ಪಕ್ಕದ ಮನೆಯ ಹೆಂಚಿನ ಮೇಲೂ ಬಿತ್ತು. ಎಡ ಮುಂಗೈಗೆ ಹೆದೆ ಬಡಿದು ಬಾಸುಂಡೆ. ಅಜ್ಜ ಗದರುತ್ತಿದ್ದ: "ಕಣ್ಣು ಮುಚ್ಚಬ್ಯಾಡ! ಉಸಿರು ಬಿಟ್ಟಾದ ಮ್ಯಾಗೆ ಹೆದೆ ಬಿಡು." ನಿಂತ ಕಳ್ಳಿಗೆ ಹೊಡೆಯುವುದು ಬಂದ ಮೇಲೆ ಹಳೇ ಸೈಕಲ್ ಟೈರು ಉರುಳಿಸಿ ಅದಕ್ಕೆ ಹೊಡೆಸಿದ. "ಓಡೋದಕ್ಕೆ ಅದು ಇರೋ ಕಡೆ ಹೊಡಿಬ್ಯಾಡ, ಹೋಗೋ ಕಡೆ ಹೊಡಿ." ಸೀತಾಫಲ ಮುಗಿದು ಅವರೆಕಾಯಿ ಬರುವ ಹೊತ್ತಿಗೆ ಉರುಳುವ ಟೈರು ನನ್ನ ಅಂಬಿಗೆ ಬೀಳತೊಡಗಿತು.

ಅವತ್ತು ಭಾನುವಾರ, ಮಧ್ಯಾಹ್ನ. ಅಜ್ಜನೂ ಕೋಲೂರಿಕೊಂಡು ನನ್ನ ಜೊತೆ ಬಂದು ಹೊಂಗೆಮರದ ನೆರಳಲ್ಲಿ ಕುಂತಿದ್ದ. ನಾನು ಹಳ್ಳದ ಈಚೆ, ಸಣ್ಣೋಬಣ್ಣ ಆಚೆ. ಹುರಿದ ಶೇಂಗಾ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಇದ್ದಕ್ಕಿದ್ದಂತೆ ಮಂದೆಯೆಲ್ಲ ಒಂದೇ ಕಡೆ ನುಗ್ಗಿತು. ಪೊದೆಯಿಂದ ಬೂದು ಬಣ್ಣದ್ದೊಂದು ಹಾರಿ ಬಂದು ನನ್ನ ಮುದ್ದಿನ ಮರಿ ಚುಕ್ಕಿಯ ಕುತ್ತಿಗೆ ಕಚ್ಚಿ ಎಳೆದುಕೊಂಡು ಬಯಲಿಗೆ ಬಿದ್ದು ಓಡಿತು.

ಅಂಬು ಹೂಡಿದ್ದು ನೆನಪಿಲ್ಲ. ಮೊದಲನೆಯದು ತೋಳದ ಬೆನ್ನ ಮೇಲಿಂದ ಹಾರಿ ಬಂಡೆಗೆ ಬಡಿಯಿತು. ಕೈಯಲ್ಲಿ ಉಳಿದದ್ದು ಒಂದೇ. ತೋಳದ ಬಾಯಿಂದ ಚುಕ್ಕಿಯ ಕಾಲು ಜೋತಾಡುತ್ತಿತ್ತು. ತಪ್ಪಿದರೆ ಮರಿಗೇ ಬೀಳುತ್ತದೆ. ಅದನ್ನು ಹೂಡಿ ಹೆದೆ ಎಳೆದೆ.

"ಮುಂದಕ್ಕೆ, ಬೋರಿ! ಮುಂದಕ್ಕೆ!" ಹಿಂದಿನಿಂದ ಅಜ್ಜನ ಕೂಗು.

ಬದುವಿನ ಹತ್ತಿರ ತೋಳ ಮರಿಯನ್ನು ಸರಿಯಾಗಿ ಕಚ್ಚಿಕೊಳ್ಳಲು ಚೂರು ನಿಧಾನಿಸಿತು. ಉಸಿರು ಬಿಟ್ಟೆ. ಹೆದೆ ಬಿಟ್ಟೆ. ದಪ್ ಎಂದು ಅಂಬು ಪಕ್ಕೆಗೆ ಗುದ್ದಿದ ಸದ್ದು ನನಗೇ ಕೇಳಿಸಿತು. ತೋಳ ಕುಂಯ್ ಎಂದು ಹೊರಳಿತು. ಬಾಯಿಂದ ಚುಕ್ಕಿ ಬಿತ್ತು.

ಅದು ಓಡಲಿಲ್ಲ. ಎದ್ದು ನಿಂತು ನನ್ನನ್ನೇ ನೋಡಿತು. ಹಳದಿ ಕಣ್ಣು. ಮರಿಯ ಕಡೆ ಒಂದು ಹೆಜ್ಜೆ ಇಟ್ಟಿತು. ನನ್ನ ಹತ್ತಿರ ಅಂಬಿರಲಿಲ್ಲ. ಬಿಲ್ಲನ್ನೇ ತಲೆಯ ಮೇಲೆ ಎತ್ತಿ ಹಿಡಿದು, ಎದೆಯೊಳಗಿದ್ದುದನ್ನೆಲ್ಲ ಕೂಗಾಗಿಸಿ ಅದರ ಮೇಲೆ ನುಗ್ಗಿದೆ. ಆಚೆಯಿಂದ ಸಣ್ಣೋಬಣ್ಣನೂ ಕಿರುಚುತ್ತಾ ಓಡಿಬಂದ. ತೋಳ ತಿರುಗಿ, ಗುಡ್ಡದ ಕಡೆ ಗಾಳಿಯ ಹಾಗೆ ಹೋಯಿತು.

ಚುಕ್ಕಿಯ ಕುತ್ತಿಗೆಯಲ್ಲಿ ರಕ್ತ, ಆದರೆ ಉಸಿರಿತ್ತು. ಅರಿಶಿನ ಮೆತ್ತಿದೆವು. ಸಂಜೆಗೆ ಎದ್ದು ತಾಯಿಯ ಕೆಚ್ಚಲಿಗೆ ತಲೆ ಗುದ್ದಿತು.

ಅವತ್ತು ಹಳ್ಳದಿಂದ ಬರುವಾಗ ಸಣ್ಣೋಬಣ್ಣ ಮರಿಯನ್ನು ಹೆಗಲ ಮೇಲೆ ಹಾಕಿಕೊಂಡು ನನ್ನನ್ನು ಮುಂದೆ ಬಿಟ್ಟು ಊರೊಳಗೆ ನಡೆದ. ಕಟ್ಟೆಯ ಮೇಲೆ ಕುಂತವರಿಗೆಲ್ಲ ಕೇಳುವಂತೆ, "ನೋಡ್ರಪ್ಪ, ತೋಳದ ಬಾಯಿಂದ ಮರಿ ಬಿಡಿಸಿದೋಳು!" ಎಂದು ಸಾರಿದ. ಕೋಲೂರಿಕೊಂಡು ಹಿಂದೆ ಬಂದ ಅಜ್ಜ ಜಗಲಿ ಮುಟ್ಟಿದ ಮೇಲೆ, ಅವನ ಮುಂದೆ ನಿಂತು ನನ್ನ ಕೈ ಹಿಡಿದೆತ್ತಿದ. "ನಿನ್ನ ಕೈ ಎಲ್ಲಿ ಹೋಗೈತೆ ಅಜ್ಜ? ಇಲ್ಲೇ ಐತಲ್ಲ!"

ಅಜ್ಜ ನಕ್ಕ. ಲಕ್ವ ಹೊಡೆದ ಮೇಲೆ ಅವನು ಬಾಯಿ ತುಂಬ ನಕ್ಕದ್ದು ನಾನು ನೋಡಿದ್ದು ಅವತ್ತೇ. ಅಮ್ಮ ಶೇಂಗಾ ಹೋಳಿಗೆ ಮಾಡಿ, ತುಪ್ಪ ಸುರಿದು, ಗಂಡಸರಿಗಿಂತ ಮೊದಲು ನನಗೆ ಬಡಿಸಿದಳು. ಅಪ್ಪ ಮಂದೆ ಮಾರುವ ಮಾತು ಮತ್ತೆ ಎತ್ತಲಿಲ್ಲ. ಆ ಸುಗ್ಗಿ ಮುಗಿಯುವವರೆಗೆ ನಾನು ಬಿಲ್ಲು ಹೆಗಲಿಗೇರಿಸಿ ಮಂದೆಯ ಮುಂದೆ ನಡೆದೆ. ಹುಡುಗಿಯರು, ಹುಡುಗರು ಎಲ್ಲ ಹಿಂದೆ. ಅಷ್ಟು ಎತ್ತರದಲ್ಲಿ ನಾನು ಆಮೇಲೆ ಯಾವತ್ತೂ ನಡೆದಿಲ್ಲ.

ಈಗ ನಾನು ಹೊಸದುರ್ಗದ ಆಸ್ಪತ್ರೆಯೊಂದರಲ್ಲಿ ನರ್ಸು. ಅಜ್ಜ ತೀರಿಕೊಂಡು ಬಹಳ ವರ್ಷವಾಯಿತು. ಗುಡ್ಡಕ್ಕೆ ರಸ್ತೆ ಹತ್ತಿದೆ, ಹಳ್ಳದ ದಂಡೆಯಲ್ಲಿ ಲಕ್ಕಿ ಸಿಗುವುದಿಲ್ಲ, ಕುರಿಗಳು ಶೆಡ್ಡಿನೊಳಗೆ ನಿಂತೇ ಮೇಯುತ್ತವೆ. ಊರಿಗೆ ಹೋದಾಗ ಸಂಜೆ ಬದುವಿನ ಮೇಲೆ ನಿಂತು ಆ ಬಯಲನ್ನು ನೋಡುತ್ತೇನೆ. ಈಚಿನ ವರ್ಷಗಳಲ್ಲಿ ತೋಳ ಕಂಡವರು ಊರಲ್ಲಿ ಯಾರೂ ಇಲ್ಲ. ಅದನ್ನು ಗೆದ್ದ ಹೆಮ್ಮೆ ಇವತ್ತಿಗೂ ಎದೆಯಲ್ಲಿದೆ. ಆದರೂ ಆ ಬೂದು ಮೈ ಒಮ್ಮೆ ಬಯಲು ದಾಟಿ ಹೋಗುವುದಾದರೆ, ನಾನೇ ಒಂದು ಮರಿ ಬಿಟ್ಟುಕೊಟ್ಟೇನು. ಅಮ್ಮನ ಮುಂದೆ ಮಾತ್ರ ಈ ಮಾತು ಆಡುವ ಧೈರ್ಯ ನನಗಿಲ್ಲ.